ನಾಲೆ ಏರಿಯ ಮೇಲಿನ ಹೆಜ್ಜೆಗಳು



ಭತ್ತದ ಕುಯ್ಲು ಮುಗಿದು, ನಾಲೆಗೆ ನೀರು ನಿಂತು, ಗದ್ದೆ ಬಯಲು ಆರುತ್ತ ಬರುವ ಈ ದಿನಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನೆಲ ಓದುವುದಕ್ಕೆ ಬಲು ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಮೂಡಿದ ಹೆಜ್ಜೆ ಮುಂದಿನ ಮಳೆಗೆ ಅಳಿಸಿಹೋಗುತ್ತದೆ. ನಾಟಿ ಹಾಕಿದ ಗದ್ದೆಯಲ್ಲಿ ನೀರು ನಿಂತಿರುತ್ತದೆ. ಕಡುಬೇಸಿಗೆ ಬಂದರೆ ನೆಲ ಬಿಗಿದುಕೊಂಡು ಎಂಥ ಪ್ರಾಣಿ ನಡೆದರೂ ಗುರುತು ಸರಿಯಾಗಿ ಬೀಳದು. ಧನುರ್ಮಾಸದಿಂದ ಶಿವರಾತ್ರಿಯವರೆಗೆ ಮಾತ್ರ ನಾಲೆ ಏರಿಯ ಮೇಲೆ, ಗಾಡಿ ಜಾಡಿನಲ್ಲಿ, ಕಬ್ಬಿನ ಗದ್ದೆಯ ಅಂಚಿನಲ್ಲಿ ನುಣ್ಣನೆ ಧೂಳು ಕೂತಿರುತ್ತದೆ. ರಾತ್ರಿಯ ಇಬ್ಬನಿ ಆ ಧೂಳನ್ನು ಅಷ್ಟಿಷ್ಟು ಕಚ್ಚಿ ಹಿಡಿಯುತ್ತದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಹುಳ ಹರಿದ ಗೆರೆಯೂ ಕಣ್ಣಿಗೆ ಕಾಣುತ್ತದೆ. ಇನ್ನು ನೀರು ನಿಂತ ಸೀಳು ನಾಲೆಯ ತಳ! ಅಲ್ಲಿ ತೆಳ್ಳನೆ ಗೋಡು ಇಳಿದು ಆರಿರುತ್ತದಲ್ಲ, ಅದು ಒರೆಸಿಟ್ಟ ಸ್ಲೇಟು. ರಾತ್ರಿ ಯಾರು ಯಾರು ಓಡಾಡಿದರು ಅನ್ನುವುದೆಲ್ಲ ಬೆಳಗ್ಗೆ ಅದರ ಮೇಲೆ ಬರೆದಿರುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲವೆಂದರೆ ಹೆಜ್ಜೆ ಎಣಿಸುವ ಕಾಲ. ಫಿನ್ಲೆಂಡಿನಲ್ಲಿ ಕಾಡಿನೊಳಗೆ ಬದಿಗೆ 4 ಕಿಲೋಮೀಟರಿನಂತೆ ತ್ರಿಕೋನ ಗುರುತಿಸಿಕೊಂಡು, ಆ 12 ಕಿಲೋಮೀಟರ್ ದಾರಿಯನ್ನು ಸುತ್ತಿ, ದಾರಿ ದಾಟಿದ ಪ್ರತಿಯೊಂದು ಜಾಡನ್ನೂ ಬರೆದುಕೊಳ್ಳುತ್ತಾರೆ. ಈ ಕೆಲಸ ಮಾಡುವವರು ಹೆಚ್ಚಿನಂಶ ಆಯಾ ಊರಿನ ಬೇಟೆಗಾರರೇ, ಸಂಬಳವಿಲ್ಲದೆ ಬಂದವರು. ಹಿಮ ಬಿದ್ದು ಎಷ್ಟು ಹೊತ್ತಾಯಿತು ಎಂದು ಗೊತ್ತಿದ್ದರೆ ಅದರ ಮೇಲಿನ ಹೆಜ್ಜೆಯ ವಯಸ್ಸೂ ಗೊತ್ತಾಗುತ್ತದೆ; ಅವರ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ. ನಮ್ಮಲ್ಲಿ ಹಿಮವಿಲ್ಲ. ಆದರೆ ಸಂಜೆ ಹೊತ್ತು ಹೊಂಗೆಯ ಕೊಂಬೆಯೊಂದನ್ನು ಮುರಿದು ನಾಲೆ ಏರಿಯ ಹತ್ತು ಮಾರು ದಾರಿಯನ್ನು ಗುಡಿಸಿಬಿಟ್ಟರೆ ಆ ಅನುಕೂಲ ನಮಗೂ ಸಿಕ್ಕಿತು. ಬೆಳಗ್ಗೆ ಅಲ್ಲಿ ಕಂಡದ್ದೆಲ್ಲ ಒಂದೇ ರಾತ್ರಿಯದು.

ನೋಡುವುದಕ್ಕೂ ಒಂದು ಕ್ರಮವಿದೆ. ಬಿಸಿಲೇರುವ ಮುಂಚೆ ಹೋಗಬೇಕು. ಹೆಜ್ಜೆಯನ್ನು ಸೂರ್ಯನಿಗೂ ನಿಮಗೂ ನಡುವೆ ಇರಿಸಿಕೊಂಡು ಕೂತು ನೋಡಬೇಕು. ಆಗ ಹೆಜ್ಜೆಯ ಅಂಚಿನ ನೆರಳು ನಿಮ್ಮ ಕಡೆಗೆ ಬೀಳುತ್ತದೆ, ಗುಂಡಿಯ ಆಳ ಕಾಣುತ್ತದೆ. ನಡುಹಗಲಿನಲ್ಲಿ ಅದೇ ಹೆಜ್ಜೆಯ ಮೇಲೆ ಕಾಲಿಟ್ಟುಕೊಂಡು ಹೋದರೂ ಗೊತ್ತಾಗುವುದಿಲ್ಲ. ಫೋಟೋ ತೆಗೆಯುವುದಾದರೆ ಪಕ್ಕದಲ್ಲಿ ಹತ್ತು ರೂಪಾಯಿಯ ನಾಣ್ಯ ಇಡಿ. ಅದರ ಅಗಲ 27 ಮಿಲಿಮೀಟರ್. ಅಳತೆಪಟ್ಟಿ ಜೇಬಿನಲ್ಲಿ ಇಲ್ಲದವರಿಗೂ ನಾಣ್ಯ ಇರುತ್ತದೆ.

ನನಗೆ ಈ ವಿದ್ಯೆಯ ಮೊದಲ ಪಾಠ ಹೇಳಿದವರು ಮದ್ದೂರು ಕಡೆಯ ಹಿರಿಯ ನೀರುಗಂಟಿಯೊಬ್ಬರು. ರಾತ್ರಿಯೆಲ್ಲ ತೂಬು ಕಾಯ್ದು ನೆಲದ ಮೇಲೇ ಕಣ್ಣು ಪಳಗಿಸಿಕೊಂಡವರು. ಏರಿಯ ಮೇಲೆ ಒಂದು ಹೆಜ್ಜೆ ತೋರಿಸಿ, “ಯಜಮಾನ್ರೇ, ಇದು ಚಿರತೇದಾ?” ಎಂದು ಕೇಳಿದೆ. ಅವರು ಅದರ ಕಡೆ ಬಗ್ಗಲೂ ಇಲ್ಲ.

“ಒಂದು ಹೆಜ್ಜೆ ನೋಡಿ ಯೋಳಿ ಅಂದ್ರೆ ಎಂಗೆ ಮೇಷ್ಟ್ರೇ? ಇಪ್ಪತ್ತು ಮಾರು ಹಿಂದಕ್ಕೆ ನಡೀರಿ. ಎಲ್ಲಿಂದ ಬಂತು, ಎಲ್ಲಿ ನಿಂತ್ಕತು, ಎಲ್ಲಿ ಕುಂತ್ಕತು ನೋಡ್ಕಂಡು ಬನ್ನಿ. ಆಮೇಲೆ ಮಾತಾಡನ.”

ಹಿಂದಕ್ಕೆ ನಡೆಯುವುದು. ಇವತ್ತು ನಾನು ಹೇಳಬೇಕೆಂದು ಬಂದಿರುವ ಮಾತು ಇದೊಂದೇ. ಒಂಟಿ ಹೆಜ್ಜೆಯಿಂದ ತಿಳಿಯುವುದು ಕಡಿಮೆ, ಜಾಡಿನಿಂದ ತಿಳಿಯುವುದು ಬಹಳ. ಪ್ರಾಣಿ ಹೋದ ಕಡೆಗೆ ಬೆನ್ನು ಹತ್ತಿ ಹೋಗುವುದು ಅಪಾಯ. ಅದು ಬಂದ ದಾರಿಯಲ್ಲಿ ಹಿಂದಕ್ಕೆ ಹೋಗುವುದರಲ್ಲಿ ಅಪಾಯ ಕಡಿಮೆ, ಸಿಗುವ ತಿಳಿವಳಿಕೆಯೂ ಹೆಚ್ಚು.

ಮೊದಲು ನಾಯಿ ಮತ್ತು ಚಿರತೆ. ನಮ್ಮ ಊರುಗಳಲ್ಲಿ ಗಾಬರಿ ಹುಟ್ಟುವುದು ಈ ಎರಡರ ನಡುವೆ. ಎರಡಕ್ಕೂ ನಾಲ್ಕು ಬೆರಳು, ಒಂದು ಅಂಗಾಲು. ನಾಯಿಯ ಬೆರಳುಗಳ ಮುಂದೆ ಉಗುರಿನ ಚುಕ್ಕೆಗಳು ಇರುತ್ತವೆ. ನಡುವಿನ ಎರಡು ಬೆರಳು ಸಮನಾಗಿ ಮುಂದಕ್ಕೆ ಚಾಚಿರುತ್ತವೆ, ಅಂಗಾಲು ಮುಕ್ಕೋನವಾಗಿ ಚಿಕ್ಕದಾಗಿರುತ್ತದೆ. ಬೆರಳಿಗೂ ಅಂಗಾಲಿಗೂ ನಡುವಿನ ಖಾಲಿ ಜಾಗದಲ್ಲಿ ಒಂದು ಕಡ್ಡಿಯಿಂದ ಗುಣಾಕಾರದ ಚಿಹ್ನೆ ಎಳೆಯಬಹುದು. ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ, ಆದ್ದರಿಂದ ಚುಕ್ಕೆಗಳಿರುವುದಿಲ್ಲ. ಬೆರಳ ಗುರುತು ದುಂಡಗೆ, ಅಂಗಾಲು ದೊಡ್ಡದು, ಅದರ ಹಿಂಬದಿಯ ಅಂಚಿನಲ್ಲಿ ಮೂರು ಉಬ್ಬುಗಳು. ಬೆರಳುಗಳ ಜೋಡಣೆ ಸಮನಾಗಿರುವುದಿಲ್ಲ; ನಡುವಿನ ಎರಡರಲ್ಲಿ ಒಳಬದಿಯದು ಕೊಂಚ ಮುಂದೆ ಇರುತ್ತದೆ. ಅದನ್ನು ಹಿಡಿದು ಎಡಗಾಲೋ ಬಲಗಾಲೋ ಹೇಳಬಹುದು. ಬಲಿತ ಚಿರತೆಯ ಹೆಜ್ಜೆಯ ಅಗಲ ಸುಮಾರು 7ರಿಂದ 9 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ಮೂರು ನಾಣ್ಯ. ಕಾಡುಬೆಕ್ಕಿನದು ಇದೇ ಆಕಾರದಲ್ಲಿ ನಾಣ್ಯವೊಂದೂವರೆ. ಎಷ್ಟೋ ಸಲ ಮರಿ ಚಿರತೆ ಎಂದು ಸುದ್ದಿಯಾಗುವುದು ಈ ಕಾಡುಬೆಕ್ಕು.

ಉಗುರಿನ ಗುರುತೊಂದನ್ನೇ ನಂಬಿ ಕೂರಬಾರದು. ಜಾರುವ ಕೆಸರಿನಲ್ಲಿ ಚಿರತೆಯೂ ಉಗುರು ಊರುತ್ತದೆ. ಗಟ್ಟಿ ನೆಲದಲ್ಲಿ ನಾಯಿಯ ಉಗುರು ಮೂಡದೆಯೂ ಇರಬಹುದು. ಹಿಂದಕ್ಕೆ ನಡೆಯಬೇಕಾದ್ದು ಇಲ್ಲಿಯೇ. ಊರ ನಾಯಿ ನೇರವಾಗಿ ಹೋಗುವುದು ಅಪರೂಪ. ಬದುವಿನ ಕಲ್ಲು ಮೂಸುತ್ತದೆ, ಬೇಲಿಗೆ ಹೋಗಿ ಬರುತ್ತದೆ, ಇನ್ನೊಂದು ನಾಯಿಯ ವಾಸನೆಗೆ ತಿರುಗುತ್ತದೆ. ಹೆಜ್ಜೆಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಚಿರತೆಗೆ ಆ ತಿರುಗಾಟವಿಲ್ಲ. ಮುಂಗಾಲು ಊರಿದ ಜಾಗಕ್ಕೇ, ಇಲ್ಲವೇ ಅದರ ಪಕ್ಕಕ್ಕೆ, ಹಿಂಗಾಲು ಬರುತ್ತದೆ. ಜಾಡು ಕಿರಿದಾಗಿ, ಒಂದೇ ಸಾಲಿನಲ್ಲಿ, ಏರಿಯ ಅಂಚಿಗೆ ಒತ್ತಿಕೊಂಡು ಸಾಗುತ್ತದೆ. ದಾರಿ ತಿರುಗುವ ಕಡೆ ಅದು ನಿಂತಿರುತ್ತದೆ. ಅಲ್ಲಿ ಮುಂಗಾಲಿನ ಎರಡು ಹೆಜ್ಜೆ ಅಕ್ಕಪಕ್ಕ, ಉಳಿದವಕ್ಕಿಂತ ಆಳವಾಗಿ ಕೂತಿರುತ್ತವೆ. ಕೂತಿದ್ದರೆ ಧೂಳಿನಲ್ಲಿ ಹಿಂಬದಿಯ ಅಚ್ಚು, ಅದರ ಹಿಂದೆ ಬಾಲ ಆಡಿಸಿದ ಗೀಟು. ಅದು ಕೂತಿದ್ದ ಜಾಗದಲ್ಲಿ ನೀವೂ ಕೂತು ನೋಡಿದರೆ ಎದುರಿಗೆ ಸಾಮಾನ್ಯವಾಗಿ ಯಾವುದೋ ಕೊಟ್ಟಿಗೆ, ಕೋಳಿ ಗೂಡು, ಕಸದ ಗುಂಡಿಯ ನಾಯಿಗಳು ಕಾಣಿಸುತ್ತವೆ.

ಹೊತ್ತನ್ನು ಓದುವುದು ಇನ್ನೂ ಸೊಗಸು. ಸೊಸೈಟಿಗೆ ಹಾಲು ಹಾಕಿ ಬಂದವರ ಟಿ.ವಿ.ಎಸ್. ಎಕ್ಸೆಲ್ ರಾತ್ರಿ ಎಂಟಕ್ಕೆ ಏರಿಯ ಮೇಲೆ ಹೋಯಿತು ಅನ್ನಿ. ಹೆಜ್ಜೆಯ ಮೇಲೆ ಟೈರಿನ ಗುರುತು ಇದ್ದರೆ ಪ್ರಾಣಿ ಎಂಟಕ್ಕೆ ಮೊದಲೇ ಹೋಗಿದೆ, ಟೈರಿನ ಮೇಲೆ ಹೆಜ್ಜೆ ಇದ್ದರೆ ಆಮೇಲೆ. ಹೊಂಗೆ, ಬೇವಿನ ಎಲೆಯಿಂದ ಇಬ್ಬನಿ ತೊಟ್ಟಿಕ್ಕಿ ಧೂಳಿನಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿರುತ್ತದೆ. ಹೆಜ್ಜೆಯ ಒಳಗೂ ಆ ಗುಳಿಗಳಿದ್ದರೆ ಪ್ರಾಣಿ ನಡೆದದ್ದು ಇಬ್ಬನಿ ತೊಟ್ಟಿಕ್ಕುವುದಕ್ಕೆ ಮೊದಲು. ಹೆಜ್ಜೆಯ ಒಳಗೆ ಗುಳಿಯಿಲ್ಲದೆ, ಅಂಚು ಚೂಪಾಗಿದ್ದು, ಮಣ್ಣಿನ ಬಣ್ಣ ಸುತ್ತಲಿನದಕ್ಕಿಂತ ಗಾಢವಾಗಿದ್ದರೆ ಈಗಷ್ಟೇ ಹೋಗಿದೆ. ಆಗ ಅಲ್ಲಿ ನಿಲ್ಲಬೇಡಿ. ಮಾತಾಡುತ್ತ, ಸದ್ದು ಮಾಡುತ್ತ ಊರಿನ ಕಡೆ ಹೊರಡಿ.

ಮಂಡ್ಯದ ಗದ್ದೆಬಯಲಿಗೆ ಚಿರತೆ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಕನ್ನಂಬಾಡಿ ಅಣೆಕಟ್ಟೆ ಕಟ್ಟಿ, ಆಗ ಇರ್ವಿನ್ ನಾಲೆ ಎನ್ನುತ್ತಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮೇಲೆ ರಾಗಿ, ಜೋಳ, ಹುರುಳಿಯ ಹೊಲಗಳು ಕಬ್ಬಾದವು. ಕಬ್ಬು ವರ್ಷದ ಬೆಳೆ. ನಾಲ್ಕು ತಿಂಗಳಾದ ಮೇಲೆ ಅದರೊಳಗೆ ಆಳು ಕಾಲಿಡುವುದು ಕಡಿಮೆ. ಕೂಳೆ ಬಿಟ್ಟರೆ ಮತ್ತೊಂದು ವರ್ಷ ಹಾಗೇ. ನೆರಳು, ನೀರು, ಹೆಗ್ಗಣ, ಮೊಲ, ಕಾಡುಹಂದಿ, ಪಕ್ಕದ ಊರಿನ ನಾಯಿ ಎಲ್ಲವೂ ಕೈಗೆಟಕುವಂತಿರುವ ಕಡೆ ಚಿರತೆ ಮನೆ ಮಾಡಿದರೆ ಅದನ್ನು ದಾರಿ ತಪ್ಪಿ ಬಂದ ಪ್ರಾಣಿ ಎನ್ನಲಾಗದು. ನಮ್ಮ ಗದ್ದೆಯಲ್ಲೇ ಹುಟ್ಟಿ, ಬೆಟ್ಟ ಕಾಡುಗಳನ್ನು ನೋಡದೆಯೇ ಬೆಳೆದ ಚಿರತೆಗಳಿವೆ ಎಂದರೆ ಹಲವರಿಗೆ ಅಚ್ಚರಿಯಾಗುತ್ತದೆ. ಕಬ್ಬು ಕಡಿಯುವಾಗ ಮರಿಗಳು ಸಿಗುವುದು ಇದೇ ಕಾರಣಕ್ಕೆ.

ಆದ್ದರಿಂದ ಕಬ್ಬು ಕಡಿಸುವ ರೈತರಿಗೆ ನನ್ನ ಕೋರಿಕೆ: ಕಡಿತಕ್ಕೆ ಮೊದಲ ಸಂಜೆ ಗದ್ದೆಯ ಸುತ್ತ ಬದುವಿನ ಮೇಲಿನ ಧೂಳನ್ನು ಒಮ್ಮೆ ಗುಡಿಸಿ. ಬೆಳಗ್ಗೆ ಒಂದು ಸುತ್ತು ಬಂದು ಒಳಗೆ ಹೋದ ಜಾಡು ಎಷ್ಟು, ಹೊರಗೆ ಬಂದದ್ದು ಎಷ್ಟು ಎಣಿಸಿ. ಒಳಗೆ ಹೋದದ್ದಿದೆ, ಹೊರಗೆ ಬಂದದ್ದಿಲ್ಲ ಎಂದರೆ ಆಳುಗಳನ್ನು ಇಳಿಸಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ. ಅನುಮಾನವೇನೂ ಇಲ್ಲದಿದ್ದರೂ ರಸ್ತೆ ಕಡೆಯಿಂದ ಕಡಿತ ಶುರು ಮಾಡಿ, ಎದುರು ಬದಿಯನ್ನು ತೆರೆದಿಡಿ. ನಾಲ್ಕೂ ಕಡೆಯಿಂದ ಸುತ್ತುವರಿದು ಕಡಿದರೆ ಒಳಗಿನ ಪ್ರಾಣಿಗೆ ಆಳುಗಳ ನಡುವೆಯೇ ದಾರಿ. ಸುತ್ತು ಬರಲು ಹಿಡಿಯುವುದು ಕಾಲು ಗಂಟೆ. ಕಬ್ಬು ಕಡಿಯಲು ದೂರದ ಊರಿಂದ ಬಂದು ಗದ್ದೆ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡಿರುವ ಸಂಸಾರಗಳ ಮಕ್ಕಳನ್ನು ನೆನೆಸಿಕೊಂಡರೆ ಆ ಕಾಲು ಗಂಟೆ ಯಾವ ಲೆಕ್ಕ?

ಮರಿಗಳು ಸಿಕ್ಕಿದರೆ ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳಬೇಡಿ. ಕೆಲಸ ನಿಲ್ಲಿಸಿ, ಇಲಾಖೆಯವರಿಗೆ ಹೇಳಿ, ಸಿಕ್ಕಿದ ಜಾಗದಲ್ಲೇ ಬಿಡಿ. ತಾಯಿ ರಾತ್ರಿ ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಮಹಾರಾಷ್ಟ್ರದ ಜುನ್ನರ್ ಕಡೆಯ ಕಬ್ಬಿನ ಸೀಮೆಯಲ್ಲಿ ಹೀಗೆ ಎಷ್ಟೋ ಮರಿಗಳನ್ನು ತಾಯಿಗೆ ಸೇರಿಸಿದ್ದಾರೆ. ಮರಿ ಕಳೆದುಕೊಂಡ ತಾಯಿ ಅಲ್ಲೇ ಸುತ್ತುತ್ತದೆ, ಮರುದಿನ ಕಡಿಯಲು ಬಂದವರಿಗೆ ಅದರ ಸಿಟ್ಟು.

ಜುನ್ನರ್‌ನಿಂದ ಇನ್ನೊಂದು ಪಾಠವೂ ಇದೆ. ಹೆಜ್ಜೆ ಕಂಡ ಕೂಡಲೇ ನಾವು ಬೋನು ಇಡಿ ಎನ್ನುತ್ತೇವೆ. ಅಲ್ಲಿಯೂ ಹಾಗೇ ಆಯಿತು. ಹಿಡಿದು ಹಿಡಿದು ದೂರದ ಕಾಡಿಗೆ ಬಿಟ್ಟರು. ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತವರ ಸಂಗಡಿಗರು ಲೆಕ್ಕ ಹಾಕಿ 2011ರಲ್ಲಿ ಪ್ರಕಟಿಸಿದಂತೆ, ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ ಹೀಗೆ ಹಿಡಿದು ಬಿಡಲು ಶುರು ಮಾಡಿದ ಮೇಲೆ 17ಕ್ಕೆ ಏರಿತು. ನೆಲೆ ತಪ್ಪಿದ ಚಿರತೆ ಬಿಟ್ಟ ಕಡೆಯ ಜನರ ಪಾಲಿಗೆ ಅಪಾಯವಾಗುತ್ತದೆ, ಖಾಲಿಯಾದ ನೆಲೆಗೆ ಹೊಸದೊಂದು ಬರುತ್ತದೆ. ವಾರಕ್ಕೊಮ್ಮೆ ಅದೇ ಏರಿಯ ಮೇಲೆ ಯಾರ ಗೊಡವೆಗೂ ಹೋಗದೆ ನಡೆದುಹೋಗುವ ಚಿರತೆ ಅಲ್ಲಿ ಇದೆ ಎಂದು ತಿಳಿದಿರುವುದು, ಕೊಟ್ಟಿಗೆಗೆ ಬಾಗಿಲು ಹಾಕಿ ಮಲಗುವುದು, ಬೋನಿಗಿಂತ ದೊಡ್ಡ ರಕ್ಷಣೆ. ಆದರೆ ಜಾಡು ಮನೆಯ ಹಿತ್ತಿಲಿಗೆ ಹತ್ತಿರವಾಗುತ್ತ, ದಿನಾ ಬರುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇವೆರಡರ ವ್ಯತ್ಯಾಸ ಹೇಳುವುದಕ್ಕೆ ದಿನದಿನದ ಜಾಡು ಗೊತ್ತಿರಬೇಕು.

ಮಳವಳ್ಳಿ ತಾಲ್ಲೂಕಿಗೆ ಹೋದರೆ ಕಥೆ ಬೇರೆ. ಅಲ್ಲಿ ಆನೆ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮದ ಮುತ್ತತ್ತಿ ಕಾಡಿನಿಂದ, ಬಸವನಬೆಟ್ಟದ ಕಡೆಯಿಂದ ಹಲಗೂರಿನ ಹೊಲಗಳಿಗೆ ಆನೆಗಳು ಇಳಿಯುತ್ತವೆ. ಶಿಂಷಾ ಹೊಳೆ ಗುಂಟ ಮದ್ದೂರು ತಾಲ್ಲೂಕಿಗೂ ಬಂದದ್ದುಂಟು. ಆನೆಯ ಹೆಜ್ಜೆಯನ್ನು ಗುರುತಿಸಲು ಯಾರೂ ಹೇಳಿಕೊಡಬೇಕಾಗಿಲ್ಲ, ಆದರೆ ಅದು ಯಾವ ಕಡೆಗೆ ಹೋಯಿತು ಎನ್ನುವಲ್ಲಿ ಜನ ತಡವರಿಸುತ್ತಾರೆ. ಮುಂಗಾಲು ದುಂಡಗೆ, ಹಿಂಗಾಲು ಮೊಟ್ಟೆಯಾಕಾರ. ಉಗುರಿನ ಅರ್ಧಚಂದ್ರಗಳು ಇರುವ ಕಡೆ ಮುಂದು. ಕಾಲೆತ್ತುವಾಗ ತುದಿ ಕೆರೆದು ಮಣ್ಣು ಮುಂದಕ್ಕೆ ಚಿಮ್ಮಿರುತ್ತದೆ, ಮುರಿದ ಬೆಳೆ ಹೋದ ದಿಕ್ಕಿಗೆ ಒರಗಿರುತ್ತದೆ. ಮುಂಗಾಲಿನ ಹೆಜ್ಜೆಯ ಸುತ್ತ ಒಂದು ದಾರ ಹಿಡಿದು ಅಳೆಯಿರಿ, ಅದರ ಎರಡರಷ್ಟು ಆನೆಯ ಭುಜದ ಎತ್ತರ. ನಾಲ್ಕಡಿ ದಾರ ಬಂದರೆ ಎಂಟಡಿ ಆನೆ. ಚಿಕ್ಕ ಹೆಜ್ಜೆಗಳು ಜತೆಗಿದ್ದರೆ ಮರಿ ಇರುವ ಹಿಂಡು. ಅಂಥ ಹಿಂಡಿನ ಹತ್ತಿರ ಪಟಾಕಿ ಹಿಡಿದುಕೊಂಡು ಹುಡುಗರು ಓಡಬಾರದು. ಹಲಗೂರಿನ ಕಡೆ ರಾಗಿ ಕಾವಲಿಗೆ ಅಟ್ಟಣೆಯ ಮೇಲೆ ಮಲಗುವ ಹಿರಿಯರಿಗೆ ಇದೆಲ್ಲ ಚೆನ್ನಾಗಿ ಗೊತ್ತಿದೆ. ಅವರ ಮಕ್ಕಳು ಬೆಂಗಳೂರು ಬಸ್ಸು ಹತ್ತಿದ್ದಾರೆ, ಕೇಳಿ ಬರೆದಿಟ್ಟುಕೊಳ್ಳುವವರಿಲ್ಲ ಎನ್ನುವುದು ನನ್ನ ಸಂಕಟ.

ಉಳಿದವರ ಮಾತು ಬೇಗ ಹೇಳಿಬಿಡುತ್ತೇನೆ. ಮೊಲದ ಚಿಕ್ಕ ಮುಂಗಾಲುಗಳ ಗುರುತು ಹಿಂದೆ, ದೊಡ್ಡ ಹಿಂಗಾಲುಗಳದು ಮುಂದೆ ಬಿದ್ದಿರುತ್ತದೆ, ಅದನ್ನು ಕಂಡು ಮೊಲ ಹೋದ ಕಡೆಯಿಂದಲೇ ಬಂತೆಂದು ಮೋಸ ಹೋಗುವವರೇ ಹೆಚ್ಚು. ಮುಂಗುಸಿಗೂ ಪುನುಗಿನ ಬೆಕ್ಕಿಗೂ ಐದು ಬೆರಳು. ಮುಳ್ಳುಹಂದಿಯ ಜಾಡಿನ ಅಕ್ಕಪಕ್ಕ ಮುಳ್ಳು ಎಳೆದ ಸಣ್ಣ ಗೀಟುಗಳು. ಉಡದ ನಾಲ್ಕು ಕಾಲಿನ ನಡುವೆ ಬಾಲದ ಡೊಂಕು ಗೆರೆ. ಕಾಡುಹಂದಿಯ ಗೊರಸಿನ ಹಿಂದೆ, ಗೊರಸಿಗಿಂತ ಅಗಲವಾಗಿ ಎರಡು ಚುಕ್ಕೆ. ಮೇಕೆಯ ಹೆಜ್ಜೆಯಲ್ಲಿ ಅದು ಸಾಮಾನ್ಯವಾಗಿ ಮೂಡದು. ಕತ್ತೆಕಿರುಬದ ಹೆಜ್ಜೆಯಲ್ಲಿ ಉಗುರಿರುತ್ತದೆ, ಮುಂಗಾಲು ಹಿಂಗಾಲಿಗಿಂತ ಎದ್ದು ಕಾಣುವಷ್ಟು ದೊಡ್ಡದು.

ಮುತ್ತತ್ತಿ ಕಡೆ ಕಾವೇರಿಯ ಮರಳದಿಬ್ಬಕ್ಕೆ ಹೋದರೆ ನೀರುನಾಯಿಯ ಐದು ಬೆರಳೂ, ಬೆರಳ ನಡುವಿನ ತೊಗಲಿನ ಗುರುತೂ ಸಿಗುತ್ತದೆ. ಹತ್ತಿರದಲ್ಲೇ ಮೀನಿನ ಹುರುಪೆ ತುಂಬಿದ ಹಿಕ್ಕೆ. ಮೊಸಳೆ ನೀರಿಗೆ ಜಾರಿದ ಕಡೆ ಹೊಟ್ಟೆ ಎಳೆದ ಅಗಲ ಪಟ್ಟಿ. ಇದೇ ವನ್ಯಧಾಮದಲ್ಲಿ 2014ರಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರ ತಂಡದ ಕ್ಯಾಮೆರಾಕ್ಕೆ ತರಕರಡಿ ಸಿಕ್ಕಿತು. ಕರ್ನಾಟಕದಲ್ಲಿ ಅದರ ಫೋಟೋ ಸಿಕ್ಕಿದ್ದು ಅದೇ ಮೊದಲು. ಐದು ಬೆರಳು, ಅವುಗಳಿಂದ ಬಹಳ ಮುಂದೆ ಉದ್ದನೆಯ ಉಗುರಿನ ಚುಕ್ಕೆಗಳು ಇರುವ ಹೆಜ್ಜೆಯನ್ನು ಅಲ್ಲಿ ಕಂಡರೆ ಎರಡು ಸಲ ನೋಡಿ. ಹಕ್ಕಿಗಳ ಕಡೆ ಬರುವುದಾದರೆ, 2007ರಲ್ಲಿ ಸಮುದಾಯ ಮೀಸಲು ಎಂದು ಘೋಷಿಸಿದ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳಿವೆ. ಬಾತುಕೋಳಿಗೆ ಮುಂದಿನ ಮೂರು ಬೆರಳ ನಡುವೆ ಮಾತ್ರ ತೊಗಲು, ಹೆಜ್ಜಾರ್ಲೆಗೆ ಹಿಂದಿನದೂ ಸೇರಿ ನಾಲ್ಕಕ್ಕೂ. ಅಲ್ಲೇ ಹತ್ತಿರದ ತೈಲೂರು ಕೆರೆಯ ಅಂಚಿನ ಕೆಸರಿನಲ್ಲಿ ಹುಡುಕಿ.

ಈ ವಿದ್ಯೆಗೆ ಇರುವ ಮಿತಿಯನ್ನೂ ಹೇಳಬೇಕು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ 1966ರಲ್ಲಿ ಗಾಜಿನ ಮೇಲೆ ಹುಲಿಯ ಹೆಜ್ಜೆಯ ಅಚ್ಚು ತೆಗೆದು ಎಣಿಸುವ ಕ್ರಮ ತಂದರು. 1972ರಲ್ಲಿ ದೇಶದ ಹುಲಿಗಳನ್ನು ಹೆಜ್ಜೆ ನೋಡಿಯೇ ಎಣಿಸಿ 1,827 ಎಂದರು. ಒಂದೊಂದು ಹುಲಿಯ ಹೆಜ್ಜೆಯೂ ಬೇರೆ, ನೋಡಿದರೆ ಇಂಥದೇ ಹುಲಿ ಎನ್ನಬಹುದು ಎನ್ನುವುದು ಅದರ ಆಧಾರ. ನಮ್ಮ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಅದನ್ನು ಪ್ರಶ್ನಿಸಿದರು. ಒಂದೇ ಪ್ರಾಣಿಯ ಹೆಜ್ಜೆ ಧೂಳಿನಲ್ಲಿ ಒಂದು ಥರ, ಕೆಸರಿನಲ್ಲಿ ಅಗಲವಾಗಿ ಇನ್ನೊಂದು ಥರ, ಓಡಿದಾಗ ಮತ್ತೊಂದು ಥರ. ಸಾಕಿದ ಕೆಲವೇ ಹುಲಿಗಳ ಹೆಜ್ಜೆಗಳ ಅಚ್ಚನ್ನು ಅನುಭವಿಗಳ ಮುಂದಿಟ್ಟಾಗ ಎಷ್ಟು ಹುಲಿ ಎಂದು ಸರಿಯಾಗಿ ಹೇಳಿದವರಿಲ್ಲ. ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಮೈಮೇಲಿನ ಪಟ್ಟೆಯಿಂದ ಒಂದೊಂದನ್ನೂ ಗುರುತಿಸುವ ದಾರಿ ತೋರಿಸಿದರು. 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲಿದ್ದ ಹುಲಿಗಳು ಕಾಡಿನಲ್ಲಿ ಇಲ್ಲವೆಂದು ಬಯಲಾದ ಮೇಲೆ ಹೆಜ್ಜೆ ಎಣಿಕೆ ಹಿಂದೆ ಸರಿಯಿತು. ನಮ್ಮೂರಿಗೂ ಇದು ಅನ್ವಯಿಸುತ್ತದೆ. ಮೂರು ಕಡೆ ಹೆಜ್ಜೆ ಸಿಕ್ಕಿತೆಂದರೆ ಮೂರು ಚಿರತೆ ಎಂದು ಲೆಕ್ಕ ಹಾಕಬೇಡಿ. ಒಂದೇ ಚಿರತೆ ಒಂದೇ ರಾತ್ರಿಯಲ್ಲಿ ನಾಲ್ಕು ಊರಿನ ಎಲ್ಲೆ ದಾಟುತ್ತದೆ. ಯಾವ ಪ್ರಾಣಿ, ಯಾವ ಹೊತ್ತು, ಯಾವ ದಿಕ್ಕು ಎನ್ನುವುದನ್ನು ಹೆಜ್ಜೆ ಹೇಳುತ್ತದೆ. ಎಷ್ಟು ಎನ್ನುವುದನ್ನು ಅದರ ಬಾಯಿಂದ ಹೇಳಿಸಬಾರದು.

ನಮ್ಮ ಹಳ್ಳಿ ಶಾಲೆಗಳ ಮೇಷ್ಟ್ರು, ಮೇಡಂಗಳಿಗೆ ಕೊನೆಯದಾಗಿ ಒಂದು ಮಾತು. ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಬೆಳಗ್ಗೆ ಐದಾರು ಹಿರಿಯರನ್ನು ಜತೆಗೆ ಕರೆದುಕೊಂಡು ಮಕ್ಕಳನ್ನು ಒಟ್ಟಾಗಿ ಏರಿಯ ಮೇಲೆ ನಡೆಸಿ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ, ಹೆಜ್ಜೆಯ ಸುತ್ತ ರಟ್ಟಿನ ಪಟ್ಟಿ ನಿಲ್ಲಿಸಿ, ಮೆಲ್ಲಗೆ ಹುಯ್ಯಿರಿ. ಅರ್ಧ ಗಂಟೆ ಬಿಟ್ಟು ಎತ್ತಿದರೆ ಅಚ್ಚು ಕೈಗೆ ಬರುತ್ತದೆ. ನಾಯಿಯದರಿಂದಲೇ ಶುರು ಮಾಡಿ; ನಾಯಿಯ ಹೆಜ್ಜೆ ಚೆನ್ನಾಗಿ ಗೊತ್ತಿದ್ದ ಮಗುವಿಗೆ ಉಳಿದವೆಲ್ಲ ತಾವೇ ಬೇರೆಯಾಗಿ ಕಾಣುತ್ತವೆ. ಅಚ್ಚಿನ ಬೆನ್ನಿಗೆ ತಾರೀಖು, ಊರು, ನೆಲ ಧೂಳೋ ಕೆಸರೋ, ಪ್ರಾಣಿ ಹೊರಟಿದ್ದ ದಿಕ್ಕು, ಇಷ್ಟನ್ನು ಮಕ್ಕಳ ಕೈಯಲ್ಲೇ ಬರೆಸಿ. ದಿಕ್ಕು ಬರೆಸುವುದನ್ನು ಮಾತ್ರ ಬಿಡಬೇಡಿ.